ಗಾಳ ಹಾಕೋದು ಕಲೀಬೇಕು: ಏನು ಕೊಳ್ಳಲಿ, ಎಲ್ಲಿಂದ ಶುರು ಮಾಡಲಿ?

ಹೊಸಗಾಳ_ಧಾರವಾಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಇರೋದು. ಭಾನುವಾರ ಗಾಳ ಹಾಕಿ ಮೀನು ಹಿಡಿಯೋದನ್ನ ಸರಿಯಾಗಿ ಕಲೀಬೇಕು ಅಂತ ಆಸೆ. ಬಲೆ ಬೇಡ, ಬರೀ ಗಾಳ. ಆನ್‌ಲೈನ್‌ನಲ್ಲಿ ನೋಡಿದರೆ 7 ಅಡಿ ಮೀಡಿಯಂ ರಾಡ್, 3000 ಸೈಜಿನ ರೀಲ್, 6 ನಂಬರ್ ಗಾಳ, 2/0 ಗಾಳ ಅಂತೆಲ್ಲ ಬರುತ್ತೆ, ಯಾವುದು ಯಾವುದಕ್ಕೆ ಅಂತ ತಲೆಬುಡ ತಿಳೀತಿಲ್ಲ. ಕೈಯಲ್ಲಿರೋದು ಎರಡು ಸಾವಿರ ರೂಪಾಯಿ.

ಸಂಬಂಧಿಕರ ಹೊಲ ನವಲಗುಂದ ಕಡೆ ಇದೆ, ಅಲ್ಲಿ ಕೃಷಿ ಹೊಂಡದಲ್ಲಿ ಮೀನು ಬಿಟ್ಟಿದ್ದಾರೆ, ಹಿಡಿಯೋಕೆ ಅಭ್ಯಂತರ ಇಲ್ಲ. ಹಾವೇರಿ ಹತ್ತಿರ ವರದಾ ನದಿ ದಂಡೆಗೂ ಹೋಗಬಹುದು. ಇಲ್ಲೇ ಉಣಕಲ್ ಕೆರೆ, ಕೆಲಗೇರಿ ಕೆರೆ ಹೇಗೆ? ಹತ್ತು ವರ್ಷದ ಮಗನೂ ಜೊತೆಗೆ ಬರ್ತಾನೆ. ಸಾಮಾನು, ಎರೆ, ಜಾಗ ಮೂರರ ಬಗ್ಗೆಯೂ ಬಲ್ಲವರು ಬಿಡಿಸಿ ಹೇಳಿ.


ವರದಾ_ದಂಡೆ

ಮೊದಲು ಸಾಮಾನಿನ ವಿಷಯ. ನನ್ನ ಸಲಹೆ: ರೀಲ್ ಸದ್ಯಕ್ಕೆ ಬಿಡಿ. 12ರಿಂದ 15 ಅಡಿಯ, ಒಂದರೊಳಗೊಂದು ಸೇರುವ ಫೈಬರ್ ಕೋಲು ಸಿಗುತ್ತೆ, ರೀಲ್ ಹಾಕುವ ಜಾಗವೇ ಇಲ್ಲದ್ದು. ಅದೊಂದು ಸಾಕು. ಅಷ್ಟೂ ಬೇಡ ಅಂದರೆ ಒಣಗಿದ, ಗೆಣ್ಣು ಹತ್ತಿರ ಹತ್ತಿರ ಇರುವ ಸಣ್ಣ ಬಿದಿರು. ಹೊಂಡದಲ್ಲಾಗಲಿ ಕೆರೆಯಲ್ಲಾಗಲಿ ಹೊಸಬರಿಗೆ ಸಿಗುವ ಮೀನು ಬಹುಪಾಲು ದಂಡೆಯಿಂದ ಹದಿನೈದು ಅಡಿ ಒಳಗೇ ಇರುತ್ತೆ. ದೂರ ಎಸೆಯೋದನ್ನು ಕಲಿಯುವುದರಲ್ಲೇ ದಿನ ಕಳೆಯುವ ಬದಲು, ಆಳ ಹೊಂದಿಸೋದು ಮತ್ತು ಬೆಂಡು (ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಸುವ ತುಂಡು) ಓದೋದು ಕಲಿತರೆ ಮುಂದೆ ಯಾವ ರಾಡ್ ಹಿಡಿದರೂ ಕೈಗೆ ಬರುತ್ತೆ.

ತಂಗೂಸ್ (ನೈಲಾನ್) ದಾರ 0.25 ಮಿಲಿಮೀಟರ್ ದಪ್ಪದ್ದು ತಗೊಳ್ಳಿ, ಸುಮಾರು 4 ಕಿಲೋ ತಡೆಯುತ್ತೆ. ಕೋಲಿನ ಉದ್ದಕ್ಕಿಂತ ಒಂದು ಗೇಣು ಕಡಿಮೆ ಉದ್ದ ಕಟ್ಟಿ. ಹೆಚ್ಚಾದರೆ ಮೀನು ಕೈಗೆ ಬರುವ ಮುಂಚೆ ನೀವು ಹಿಂದೆ ಹಿಂದೆ ನಡೀಬೇಕಾಗುತ್ತೆ.

ಗಾಳದ ನಂಬರಿನ ಲೆಕ್ಕ ಹೀಗೆ: 1ರಿಂದ ಮೇಲೆ ಹೋದಂತೆ ಗಾಳ ಸಣ್ಣದಾಗುತ್ತೆ, ಅಂದರೆ 10 ನಂಬರ್ 6ಕ್ಕಿಂತ ಸಣ್ಣದು. 1/0, 2/0, 3/0 ಅಂತ ಬಂದಾಗ ಉಲ್ಟಾ, ದೊಡ್ಡದಾಗುತ್ತಾ ಹೋಗುತ್ತೆ. ಜಿಲೇಬಿ ಮೀನಿಗೆ (ತಿಲಾಪಿಯಾ) 10, ಕಾಲು ಅರ್ಧ ಕಿಲೋದ ರೋಹು, ಮೃಗಾಲ್‌ಗೆ 8, ಕಿಲೋ ಮೇಲಿನ ಸಾಮಾನ್ಯ ಗೆಂಡೆಗೆ 6 ಅಥವಾ 4. 2/0 ಎಲ್ಲ ಬಾಳೆಮೀನು, ದೊಡ್ಡ ಕೊರವಕ್ಕೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಗಾಳಗಳಲ್ಲಿ ಕೆಲವಕ್ಕೆ ಕಣ್ಣು ಇರೋದಿಲ್ಲ, ತುದಿ ಚಪ್ಪಟೆ ಇರುತ್ತೆ. ಅದಕ್ಕೆ ಹಾಕುವ ಗಂಟೇ ಬೇರೆ, ಹೊಸಬರ ಕೈಯಲ್ಲಿ ಜಾರುತ್ತೆ. ಕಣ್ಣಿರುವ ಗಾಳವನ್ನೇ ಕೇಳಿ. ಕೊಳ್ಳುವಾಗ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ: ಗೀರು ಬಿದ್ದು ತಡೆದರೆ ಚೂಪು, ಜಾರಿ ಹೋದರೆ ಮೊಂಡ.

ಗಂಟು: ದಾರದ ತುದಿಯನ್ನು ಕಣ್ಣಿನಲ್ಲಿ ತೂರಿಸಿ ಅರ್ಧ ಗೇಣು ಹೊರಗೆ ಎಳೀರಿ. ಆ ತುದಿಯನ್ನು ಮೂಲ ದಾರದ ಸುತ್ತ ಐದಾರು ಸುತ್ತು ತಿರುವಿ. ಈಗ ಗಾಳದ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಕಾಣುತ್ತೆ, ತುದಿಯನ್ನು ಅದರೊಳಗೆ ತೂರಿಸಿ. ಹಾಗೆ ಮಾಡಿದಾಗ ಇನ್ನೊಂದು ದೊಡ್ಡ ಕುಣಿಕೆ ಆಗುತ್ತಲ್ಲ, ಅದರೊಳಗೂ ಒಮ್ಮೆ. ಉಗುಳಿನಿಂದ ಒದ್ದೆ ಮಾಡಿ ನಿಧಾನಕ್ಕೆ ಬಿಗಿ ಎಳೀರಿ, ತುದಿಯನ್ನು 2 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಒಣಗಿದ ದಾರವನ್ನು ಹಾಗೇ ಜಗ್ಗಿದರೆ ತಿಕ್ಕಾಟದ ಬಿಸಿಗೆ ತಂಗೂಸ್ ಅಲ್ಲೇ ಸೊರಗುತ್ತೆ, ಆಮೇಲೆ ಒಳ್ಳೆ ಮೀನು ಬಂದಾಗ ಸರಿಯಾಗಿ ಅಲ್ಲೇ ಹರಿಯುತ್ತೆ. ‘ದಾರ ಸರಿ ಇಲ್ಲ’ ಅಂತ ಹೇಳೋರಲ್ಲಿ ಎಷ್ಟೋ ಜನರದ್ದು ಗಂಟಿನ ತೊಂದರೆ.

ಬೆಂಡು 1ರಿಂದ 2 ಗ್ರಾಂ ಹೊರುವ ಕಡ್ಡಿ ಬೆಂಡು ಇರಲಿ, ದುಂಡನೆಯ ದೊಡ್ಡ ಪ್ಲಾಸ್ಟಿಕ್ ಚೆಂಡು ಬೇಡ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ತಿರುಳಿನಿಂದಲೂ ಮಾಡಬಹುದು, ನಾಲ್ಕು ಬೆರಳು ಉದ್ದ ಸಾಕು. ಆದರೆ ಅದು ಅರ್ಧ ತಾಸಿನಲ್ಲಿ ನೀರು ಕುಡಿದು ಭಾರ ಆಗುತ್ತೆ, ಎರಡು ಪದರ ಉಗುರು ಬಣ್ಣವೋ ವಾರ್ನಿಷ್ಷೋ ಬಳಿದು ಒಣಗಿಸಿ. ಸೀಸದ ಗುಂಡುಗಳನ್ನು ಗಾಳದಿಂದ ಎರಡು ಗೇಣು ಮೇಲೆ ಒಟ್ಟಿಗೆ ಕಚ್ಚಿಸಿ, ಒಂದೇ ಒಂದು ಸಣ್ಣ ಗುಂಡನ್ನು ಗಾಳದಿಂದ ನಾಲ್ಕೈದು ಬೆರಳು ಮೇಲೆ. ಬೆಂಡಿನ ತುದಿ ಒಂದು ಸೆಂಟಿಮೀಟರ್ ಮಾತ್ರ ನೀರಿನ ಮೇಲೆ ಕಾಣುವ ತನಕ ಗುಂಡು ಸೇರಿಸುತ್ತಾ ಹೋಗಿ. ಬೆಂಡು ಅರ್ಧಕ್ಕರ್ಧ ಮೇಲೆ ನಿಂತಿದ್ದರೆ ಮೀನು ಎರೆ ಬಾಯಿಗೆ ಹಾಕಿಕೊಂಡಾಗ ಆ ತೇಲುವ ಬಲ ಅದಕ್ಕೆ ತಿಳಿಯುತ್ತೆ, ಉಗುಳಿಬಿಡುತ್ತೆ.

ಇನ್ನು ಆಳ. ಇದೇ ಮುಖ್ಯ, ಇದನ್ನೇ ಎಲ್ಲರೂ ಬಿಡೋದು. ಗಾಳಕ್ಕೆ ಬೆಂಡು ಹೊರಲಾಗದಷ್ಟು ಭಾರದ ಸೀಸ ಸಿಕ್ಕಿಸಿ, ಹಾಕಬೇಕಾದ ಜಾಗಕ್ಕೇ ಬಿಡಿ. ಬೆಂಡು ಪೂರ್ತಿ ಮುಳುಗಿತೋ, ಬೆಂಡಿನಿಂದ ಗಾಳದ ತನಕದ ದಾರ ಆಳಕ್ಕಿಂತ ಕಡಿಮೆ ಇದೆ, ಬೆಂಡನ್ನು ಮೇಲೆ ಸರಿಸಿ. ಬೆಂಡು ಅಡ್ಡ ಮಲಗಿತೋ, ದಾರ ಹೆಚ್ಚಾಗಿದೆ, ಕೆಳಗೆ ಸರಿಸಿ. ತುದಿ ಮಾತ್ರ ಕಾಣುವಂತೆ ನೆಟ್ಟಗೆ ನಿಂತಾಗ ಗಾಳ ಸರಿಯಾಗಿ ತಳದಲ್ಲಿದೆ. ಆ ಅಳತೆಯನ್ನು ಕೋಲಿನ ಮೇಲೆ ಗುರುತು ಮಾಡಿಕೊಳ್ಳಿ. ಆಮೇಲೆ ಅಕ್ಕಪಕ್ಕ ಮೂರ್ನಾಲ್ಕು ಕಡೆ ಹೀಗೇ ಅಳೆದರೆ ತಳ ಎಲ್ಲಿ ಥಟ್ಟನೆ ಇಳಿಯುತ್ತೆ ಅಂತ ಗೊತ್ತಾಗುತ್ತೆ. ಆ ಇಳಿಜಾರಿನ ಬುಡವೇ ಗಾಳ ಹಾಕೋ ಜಾಗ, ಮೇಲಿಂದ ಜಾರಿ ಬಂದ ತಿನಿಸು ಅಲ್ಲೇ ನಿಲ್ಲೋದು.


ಎರಿಹೊಲ_ಗದಗ

ಎರಿ ಬಗ್ಗೆ ನಾ ಹೇಳ್ತೀನ್ರಿ. ಮೊದಲ ಯಾವ ಮೀನ ನೀರಾಗ ಎಲ್ಲಿ ತಿನ್ನತದ ಅಂತ ತಿಳ್ಕೊಳ್ರಿ, ಆಮ್ಯಾಲ ಎರಿ. ಕಟ್ಲಾದ ಬಾಯಿ ಮ್ಯಾಲಕ್ಕ ತಿರುಗಿರ್ತದ, ಅದು ಮ್ಯಾಲಿನ ನೀರಿನ ಮೀನ. ರೋಹು ನಡುವಿನ ನೀರಿಂದು. ಮೃಗಾಲ್ ಬಾಯಿ ಕೆಳಗ, ಅದು ತಳದಾಗ ತಿನ್ನೂದು. ಸಾಮಾನ್ಯ ಗೆಂಡೆನೂ ತಳದ್ದ, ಬಾಯಿ ಪಕ್ಕದಾಗ ಸಣ್ಣ ಮೀಸಿ ಇರ್ತಾವ, ಕೆಸರ ಕೆದರಿ ತಿನ್ನತದ. ಹುಲ್ಲುಗೆಂಡೆಗೆ ಹುಲ್ಲು, ಸೊಪ್ಪು. ಕಟ್ಲಾ ಕಣ್ಣಿಗೆ ಕಾಣಲಾರದಂಥ ಸಣ್ಣ ಜೀವಿ ಸೋಸಿ ತಿನ್ನೂದು, ಗಾಳಕ್ಕ ಲಗೂನ ಬೀಳೂದಿಲ್ಲ, ಅದರ ಬೆನ್ನ ಹತ್ತಬ್ಯಾಡ್ರಿ. ಶುರುವಿಗೆ ಜಿಲೇಬಿ, ಮೃಗಾಲ್, ಗೆಂಡೆ. ಇವು ಮೂರು ಕಲಿಸೋ ಮೀನ.

ಜಿಲೇಬಿಗೆ ಎರೆಹುಳ. ಇಡೀ ಹುಳ ಪೋಣಿಸಬ್ಯಾಡ್ರಿ, ಒಂದು ಇಂಚು ತುಂಡು ಸಾಕು, ತುದಿ ಕಾಲು ಇಂಚು ಜೋತು ಅಲಗಾಡತಿರಬೇಕು. ಹುಳ ಸಿಗೂದು ತಿಪ್ಪಿ ಅಂಚಿಗೆ, ಬಚ್ಚಲ ನೀರು ಹರಿಯೋ ಕಡೆ. ಬ್ಯಾಸಿಗ್ಯಾಗ ಎರಿ ಭೂಮಿ, ಅಂದ್ರ ಕರಿ ಮಣ್ಣಿನ ಭೂಮಿ, ಬಿರದಾಗ ಹೊಲದಾಗ ಅಗದ್ರ ಏನೂ ಸಿಗೂದಿಲ್ಲ. ಒದ್ದಿ ಗೋಣಿ ತಾಟ ತಿಪ್ಪಿ ಪಕ್ಕ ಎರಡ ದಿನ ಹಾಸಿ ಇಡ್ರಿ, ಕೆಳಗ ಬಂದಿರ್ತಾವ. ಒಯ್ಯೂಮುಂದ ಒದ್ದಿ ಮಣ್ಣು ಹಾಕಿದ ಡಬ್ಬಿ, ಮುಚ್ಚಳಕ್ಕ ತೂತು, ನೆರಳಾಗ ಇಡಬೇಕು. ಬಿಸಿಲಿಗೆ ಇಟ್ರ ಅರ್ಧ ತಾಸಿನಾಗ ಸಾಯ್ತಾವ, ಸತ್ತ ಹುಳಕ್ಕ ಮೀನ ಬರೂದು ಕಡಿಮಿ.

ಗೆಂಡೆ, ಮೃಗಾಲ್, ರೋಹುಗೆ ಹಿಟ್ಟಿನ ಎರಿ. ಗೋಧಿ ಹಿಟ್ಟು ಎರಡು ಬಟ್ಟಲ, ಸಣ್ಣಂಗ ಕುಟ್ಟಿ ಸೋಸಿದ ಶೇಂಗಾ ಹಿಂಡಿ ಒಂದು ಬಟ್ಟಲ, ಬೆಲ್ಲ ಒಂದು ಚಮಚ. ಹಿಂಡಿಯನ್ನ ಒಣ ಬಾಂಡ್ಲ್ಯಾಗ ಸ್ವಲ್ಪ ಬಿಸಿ ಮಾಡಿದ್ರ ವಾಸನಿ ಏಳತದ, ಕರಕ ಮಾಡಬ್ಯಾಡ್ರಿ. ಚಪಾತಿ ಕಣಕಕ್ಕಿಂತ ಸ್ವಲ್ಪ ಗಟ್ಟಿ ನಾದಿ ಇಪ್ಪತ್ತು ನಿಮಿಷ ಒದ್ದಿ ಅರಿವಿ ಮುಚ್ಚಿ ಇಡ್ರಿ. ಆಮ್ಯಾಲ ಮನ್ಯಾಗ ಒಂದು ಪರೀಕ್ಷಾ: ಕಡ್ಲಿಕಾಳಿನಷ್ಟು ಉಂಡಿ ಗಾಳಕ್ಕ ಹಚ್ಚಿ ನೀರಿನ ಗ್ಲಾಸಿನಾಗ ಇಳಿಬಿಡ್ರಿ. ಎಂಟ್ಹತ್ತು ನಿಮಿಷ ನಿಂತು ಮ್ಯಾಲಿನ ಪದರ ಕರಗಾಕ ಹತ್ತಿದ್ರ ಹದ ಬಂತು. ಎರಡ ನಿಮಿಷಕ್ಕ ಉದುರಿದ್ರ ಗೋಧಿ ಹಿಟ್ಟು ಹೆಚ್ಚ ಮಾಡ್ರಿ, ಇಲ್ಲಂದ್ರ ಒಂದು ಚಿಟಿಕಿ ಹತ್ತಿ ಅರಳಿ ಬಿಡಿಸಿ ಅದರಾಗ ನಾದ್ರಿ. ಇಪ್ಪತ್ತು ನಿಮಿಷ ಆದ್ರೂ ಕಲ್ಲಿನಂಗ ಇದ್ರ ಅದು ಕೆಲಸಕ್ಕ ಬರೂದಿಲ್ಲ, ಜಗ್ಗಿದಾಗ ಗಾಳದ ಮೊನಿ ಉಂಡಿಯಿಂದ ಹೊರಗ ಬಂದು ಬಾಯಿಗೆ ಚುಚ್ಚೂದಿಲ್ಲ.

ಜೋಳದ ಹಿಟ್ಟಿನಾಗ ಎರಿ ಮಾಡಬಹುದಾ ಅಂತ ನಮ್ಮ ಕಡೆ ಎಲ್ಲಾರೂ ಕೇಳ್ತಾರ. ಗಾಳಕ್ಕ ಬ್ಯಾಡ್ರಿ. ಗೋಧ್ಯಾಗಿರೋ ಅಂಟು ಜೋಳದಾಗ ಇಲ್ಲ, ನೀರಿಗೆ ಬಿದ್ದ ಕೂಡ್ಲೆ ಒಡೀತದ. ಅದ ಕಾರಣಕ್ಕ ಮೀನ ಕರಿಯಾಕ ಅದು ಭಾರಿ ಛಲೋ. ಅಕ್ಕಿ ತೌಡು, ಶೇಂಗಾ ಹಿಂಡಿ ಸಮ ಸಮ, ಒಂದು ಮುಟಗಿ ಜೋಳದ ಹಿಟ್ಟು, ನೀರು ಚಿಮುಕಿಸಿ ಉಂಡಿ ಕಟ್ರಿ. ನೀರಿಗೆ ಬಿದ್ದು ತಳಕ್ಕ ಹೋಗಿ ಅಲ್ಲಿ ಒಡೀಬೇಕು. ಹೊಂಡದ ಮೀನಿಗೆ ದಿನಾ ಹಾಕೂದೂ ತೌಡು-ಹಿಂಡಿನ, ಅದರ ವಾಸನಿ ಅವಕ್ಕ ಗೊತ್ತದ. ಶುರುವಿಗೆ ಕಿತ್ತಳಿಹಣ್ಣಿನಷ್ಟು ಮೂರು ಉಂಡಿ, ಆಮ್ಯಾಲ ಹದಿನೈದು ನಿಮಿಷಕ್ಕೊಮ್ಮೆ ಲಿಂಬಿಹಣ್ಣಿನಷ್ಟು ಒಂದ. ಒಂದ ಜಾಗಕ್ಕ ಹಾಕ್ರಿ, ಅತ್ತ ಇತ್ತ ಚೆಲ್ಲಬ್ಯಾಡ್ರಿ. ಬುಟ್ಟಿಗಟ್ಲೆ ಸುರುವಿದ್ರ ಮೀನ ಹೊಟ್ಟಿ ತುಂಬಿಸ್ಕೊಂಡು ಹೋಗ್ತದ, ನಿಮ್ಮ ಗಾಳದ ಕಡೆ ತಿರುಗಿ ನೋಡೂದಿಲ್ಲ.


ತೂಬಿನಕಟ್ಟೆ

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ರೀಲ್ ಪೂರ್ತಿ ಬಿಡಿ ಅನ್ನೋದನ್ನ ಒಪ್ಪಲ್ಲ. ಕೃಷಿ ಹೊಂಡಕ್ಕೆ ಕೋಲು ಸಾಕು. ವರದಾ ನದಿಗೆ ಹೋಗೋದೂ ಇದೆ ಅಂತ ಅವರೇ ಬರೆದಿದ್ದಾರಲ್ಲ, ಅಲ್ಲಿ ಮಡು ದಂಡೆಯಿಂದ ಮೂವತ್ತು ನಲವತ್ತು ಅಡಿ ದೂರ ಇದ್ದರೆ ಕೋಲು ಏನು ಮಾಡುತ್ತೆ? ಎರಡು ಕಿಲೋ ಗೆಂಡೆ ಓಡಿದರೆ ಕೋಲಿನಲ್ಲಿ ಬಿಟ್ಟುಕೊಡೋಕೆ ದಾರವೇ ಇರೋದಿಲ್ಲ.

ತಗೊಳ್ಳೋದಾದರೆ 7 ಅಡಿ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಅಥವಾ 3000 ರೀಲ್, 0.28 ಅಥವಾ 0.30 ದಾರ. ಕಾರ್ಬನ್ನೇ ಬೇಕೆಂದಿಲ್ಲ, ಫೈಬರ್ ಗ್ಲಾಸ್ ರಾಡ್ ಬಿದ್ದರೂ ಕಲ್ಲಿಗೆ ತಾಗಿದರೂ ತಡೆಯುತ್ತೆ. ಸೆಟ್ಟಿನ ಜೊತೆ ಬರುವ ದಾರವನ್ನು ನಂಬಬೇಡಿ, ಬೇರೆ ಹಾಕಿ. ಸ್ಪೂಲಿನ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಅಂಚಿಗೆ 2 ಮಿಲಿಮೀಟರ್ ಕಡಿಮೆ ಬರೋವರೆಗೆ ತುಂಬಬೇಕು. ಅಂಚಿನ ತನಕ ತುಂಬಿದರೆ ಎಸೆದಾಗ ಕುಣಿಕೆ ಕುಣಿಕೆಯಾಗಿ ಉದುರಿ ಗೂಡು ಕಟ್ಟುತ್ತೆ, ತೀರಾ ಕಡಿಮೆ ಇದ್ದರೆ ಅಂಚಿಗೆ ತಿಕ್ಕಿ ದೂರ ಹೋಗಲ್ಲ.

ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ಹರಿಯುವ ಬದಲು ರೀಲ್ ತಾನೇ ಬಿಟ್ಟುಕೊಡುವ ವ್ಯವಸ್ಥೆ. ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ಅದು ಜಾರಬೇಕು. ಅಳೆಯೋಕೆ ತಕ್ಕಡಿ ಬೇಡ. ಒಂದು ಲೀಟರ್ ನೀರಿನ ತುಂಬಿದ ಬಾಟಲಿ ಒಂದು ಕಿಲೋ. 4 ಕಿಲೋ ದಾರವಾದರೆ ಆ ಬಾಟಲಿಯನ್ನು ದಾರಕ್ಕೆ ಕಟ್ಟಿ, ರೀಲಿನಿಂದ ನೇರ ಕೆಳಗೆ ತೂಗುಬಿಡಿ. ಬಾಟಲಿ ನಿಧಾನಕ್ಕೆ ಇಳಿಯುವ ಹಾಗೆ ಗುಂಡಿ ತಿರುಗಿಸಿ. ಡ್ರ್ಯಾಗ್ ಜಾರುತ್ತಿರುವಾಗ ಹಿಡಿಕೆ ತಿರುಗಿಸಬೇಡಿ, ಮೀನು ಒಂದಿಂಚೂ ಬರಲ್ಲ, ದಾರ ಮಾತ್ರ ಹುರಿಗೊಳ್ಳುತ್ತೆ.

ಎಸೆಯೋದು: ತೋರುಬೆರಳಿಗೆ ದಾರ ಸಿಕ್ಕಿಸಿಕೊಳ್ಳಿ, ರೀಲಿನ ಮೇಲೆ ಕಮಾನಿನ ಹಾಗೆ ಇರುವ ತಂತಿ ತೆರೀರಿ, ರಾಡ್ ತುದಿಯಿಂದ ಎರಡು ಗೇಣು ದಾರ ಜೋತಿರಲಿ. ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿ. ಹೆಗಲ ಮೇಲಿಂದ ಮುಂದಕ್ಕೆ ಬೀಸಿ, ರಾಡ್ ನಿಮ್ಮ ಕಣ್ಣಿಗಿಂತ ಸ್ವಲ್ಪ ಮೇಲೆ ಇರುವಾಗ ಬೆರಳು ಬಿಡಿ. ಬೇಗ ಬಿಟ್ಟರೆ ಆಕಾಶಕ್ಕೆ, ತಡವಾಗಿ ಬಿಟ್ಟರೆ ಕಾಲಬುಡದ ನೀರಿಗೆ. ಬಿದ್ದ ಮೇಲೆ ತಂತಿಯನ್ನು ಕೈಯಿಂದಲೇ ಮುಚ್ಚಿ, ದಾರ ಒಮ್ಮೆ ಬಿಗಿ ಎಳೆದುಕೊಂಡು ಆಮೇಲೆ ಸುತ್ತಿ. ಹಿಡಿಕೆ ತಿರುಗಿಸಿ ಮುಚ್ಚಿದರೆ ಸಡಿಲ ದಾರವೇ ಸ್ಪೂಲಿಗೆ ಸುತ್ತಿಕೊಂಡು ಮುಂದಿನ ಎಸೆತದಲ್ಲಿ ಗೋಜಲು.


ವರದಾ_ದಂಡೆ

@ತೂಬಿನಕಟ್ಟೆ ನದಿಗೆ ರೀಲ್ ಬೇಕು, ಒಪ್ಪುತ್ತೇನೆ. ಆದರೆ ಎರಡು ಸಾವಿರದೊಳಗೆ ಎರಡೂ ಒಳ್ಳೆಯದು ಸಿಗೋದು ಕಷ್ಟ. ಮೊದಲ ಮಳೆಗಾಲ ಕಳೆಯೋವರೆಗೆ ಹೊಂಡದಲ್ಲಿ ಕೋಲು ಹಿಡಿದು ಕಲಿಯಲಿ ಅಂತ ನನ್ನ ಅಭಿಪ್ರಾಯ. ದೊಡ್ಡ ಮೀನು ಕೋಲಿಗೆ ಬಿದ್ದರೆ ನೆನಪಿಡಬೇಕಾದ್ದು ಒಂದೇ: ಕೋಲೂ ದಾರವೂ ಒಂದೇ ಗೆರೆಗೆ ಬರಬಾರದು. ಕೋಲು ಎತ್ತಿ ಹಿಡಿದು ಬಾಗಿರುವಷ್ಟು ಹೊತ್ತು ಆ ಬಾಗೇ ಎಳೆತ ತಡೆಯುತ್ತೆ. ಮೀನು ನೇರ ದೂರ ಓಡಿ ಕೋಲು ಮುಂದಕ್ಕೆ ಬಗ್ಗಿತೋ, ದಾರ ಕಿತ್ತಿತು ಅಂತಲೇ. ಮೀನು ಓಡುವ ದಿಕ್ಕಿಗೆ ದಂಡೆಯ ಮೇಲೆ ನೀವೂ ನಾಲ್ಕು ಹೆಜ್ಜೆ ನಡೀರಿ, ಕೋಲನ್ನು ಪಕ್ಕಕ್ಕೆ ವಾಲಿಸಿ ಅದರ ತಲೆ ತಿರುಗಿಸಿ. ದಂಡೆಗೆ ಬಂದಾಗ ದಾರ ಹಿಡಿದು ಎತ್ತಬೇಡಿ, ಕೈಬಲೆ ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲೆ ತನ್ನಿ.


ಹೊಸಗಾಳ_ಧಾರವಾಡ

ಎಲ್ಲರಿಗೂ ತುಂಬಾ ಧನ್ಯವಾದ. 14 ಅಡಿ ಕೋಲೇ ತಗೊಂಡೆ. ಹೊಂಡದಲ್ಲಿ ಹಾಕಿ ನೋಡಿದ್ವಿ. 6 ನಂಬರ್ ಗಾಳ, ಹಿಟ್ಟಿನ ಎರೆ. ಬೆಂಡು ಹಾಕಿದ ಕೂಡಲೇ ಕುಣಿಯೋಕೆ ಶುರುವಾಗುತ್ತೆ, ಎಳೆದರೆ ಗಾಳ ಖಾಲಿ. ಇಡೀ ಬೆಳಿಗ್ಗೆ ಇದೇ ಕತೆ. ಒಂದೆರಡು ಸಲ ಬೆಂಡು ಮುಳುಗೋ ಬದಲು ಮೇಲೆದ್ದು ಅಡ್ಡ ಬಿತ್ತು, ಅದು ಏನು? ಮತ್ತೆ ಬೆಳಕು ಹರಿಯೋ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೀತಿದ್ದವು, ಆಗಲಂತೂ ಒಂದೂ ಮುಟ್ಟಲಿಲ್ಲ.


ವರದಾ_ದಂಡೆ

ಬೆಂಡು ಸಣ್ಣಗೆ ಚಿಟಿಚಿಟಿ ಕುಣಿಯೋದು ಅಂದರೆ ಸಣ್ಣ ಮೀನು ಎರೆಯನ್ನು ಕುಟುಕುತ್ತಿವೆ, ಗಾಳ ಅವುಗಳ ಬಾಯಿಯೊಳಗೆ ಹೋಗುತ್ತಿಲ್ಲ. 6 ನಂಬರ್ ಅದಕ್ಕೆ ದೊಡ್ಡದಾಯಿತು. 10ಕ್ಕೆ ಇಳೀರಿ, ಉಂಡೆಯನ್ನು ಬಟಾಣಿಗಿಂತ ಸಣ್ಣ ಮಾಡಿ, ಗಾಳದ ಮೊನೆ ಉಂಡೆಯ ಅಂಚಿಗೆ ಕೂದಲೆಳೆಯಷ್ಟು ಒಳಗಿರಲಿ. ಹಾಗೂ ಖಾಲಿ ಬಂದರೆ ಮೇಲಿನ ಸೀಸವನ್ನು ಗಾಳದಿಂದ ಒಂದು ಗೇಣಿಗೆ ಇಳಿಸಿ: ಎರೆ ಬೇಗ ತಳಕ್ಕೆ ಹೋಗುತ್ತೆ, ನಡುನೀರಿನ ಸಣ್ಣವು ಕಿತ್ತುಕೊಳ್ಳೋಕೆ ಸಮಯ ಸಿಗಲ್ಲ. ಪ್ರತಿ ಕುಣಿತಕ್ಕೂ ಜಗ್ಗಬೇಡಿ. ತುದಿ ನಿಧಾನಕ್ಕೆ ಮುಳುಗಿ ಒಂದು ಕಡೆಗೆ ಸರಿಯಿತೋ, ಆಗ ಮಣಿಕಟ್ಟಿನಿಂದ ಒಂದು ಗೇಣು ಎತ್ತಿ, ಅಷ್ಟೇ. ಹೆಗಲಿನಿಂದ ಜಗ್ಗಿದರೆ ಜಿಲೇಬಿಯ ತುಟಿ ಹರಿಯುತ್ತೆ, ಇಲ್ಲವೇ ಗಾಳ ಹಾರಿ ಬಂದು ನಿಮ್ಮ ಮುಖಕ್ಕೆ.

ಬೆಂಡು ಮೇಲೆದ್ದು ಅಡ್ಡ ಬೀಳೋದು ಒಳ್ಳೆಯ ಕಚ್ಚು. ಗೆಂಡೆ, ಮೃಗಾಲ್ ತಲೆ ಕೆಳಗೆ ಮಾಡಿ ತಳದಿಂದ ಎರೆ ಎತ್ತಿಕೊಂಡು ನೆಟ್ಟಗಾಗುತ್ತವೆ, ಜೊತೆಗೆ ಸಣ್ಣ ಸೀಸದ ಗುಂಡೂ ಮೇಲೇಳುತ್ತೆ. ಆ ಭಾರ ತಪ್ಪಿದ್ದಕ್ಕೆ ಬೆಂಡು ಎದ್ದು ಮಲಗುತ್ತೆ. ಏಳುವಾಗಲೇ ಎತ್ತಬೇಕು, ಮುಳುಗಲಿ ಅಂತ ಕಾದರೆ ಅಷ್ಟೊತ್ತಿಗೆ ಉಗುಳಿರುತ್ತೆ.

ಬೆಳಗಿನ ಬಾಯಿ ತೆರೆಯೋದು ಹಸಿವಲ್ಲ, ಉಸಿರಾಟದ ತೊಂದರೆ. ರಾತ್ರಿ ನೀರಿನ ಪಾಚಿಯೂ ಆಮ್ಲಜನಕ ಉಪಯೋಗಿಸುತ್ತೆ, ಬಿಸಿಲು ಬಂದ ಮೇಲೇ ಮತ್ತೆ ಬಿಡುಗಡೆ ಮಾಡೋದು. ಹಾಗಾಗಿ ಹಸಿರುಗಟ್ಟಿದ ಹೊಂಡದಲ್ಲಿ ಸೂರ್ಯ ಹುಟ್ಟುವ ಮುಂಚಿನ ಹೊತ್ತೇ ಅತಿ ಕೆಟ್ಟದ್ದು, ಅದರಲ್ಲೂ ಹಿಂದಿನ ದಿನ ಮೋಡ ಕವಿದು ಗಾಳಿ ಬೀಸದೆ ಇದ್ದರೆ. ಅಂಥ ಹೊತ್ತಿನಲ್ಲಿ ಗಾಳವನ್ನೂ ಹಾಕಬೇಡಿ, ತಿನಿಸಂತೂ ಹಾಕಲೇಬೇಡಿ, ಕೊಳೆತು ಇನ್ನಷ್ಟು ಕೆಡಿಸುತ್ತೆ. ಹೊಲದವರಿಗೆ ತಿಳಿಸಿ, ಪಂಪಿನಿಂದ ನೀರನ್ನು ಎತ್ತರದಿಂದ ಹೊಂಡಕ್ಕೇ ಬೀಳಿಸಿದರೆ ಮೀನು ಉಳಿಯುತ್ತವೆ. ಎಂಟೂವರೆ ಒಂಬತ್ತರ ಮೇಲೆ ನೀರು ಸುಧಾರಿಸಿದಾಗ ಕೂರಿ. ಹರಿಯುವ ನೀರಿಗೆ ಈ ಮಾತು ಅನ್ವಯಿಸಲ್ಲ, ನದಿಯಲ್ಲಿ ನಸುಕೇ ಒಳ್ಳೆಯದು.

ಗಾಳಿ ಜೋರಿದ್ದಾಗ ಬೆಂಡು ತಾನೇ ಸರಿಯುತ್ತಾ ಹೋಗುತ್ತೆ. ಕೋಲಿನ ತುದಿಯನ್ನು ಒಂದು ಗೇಣು ನೀರೊಳಗೆ ಅದ್ದಿ ಹಿಡಿದರೆ ದಾರಕ್ಕೆ ಗಾಳಿ ಹೊಡೆಯಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ, ಮೇಲ್ನೀರಿನ ತಿನಿಸೆಲ್ಲ ಮೂಡಣ ದಂಡೆಗೆ ಸೇರುತ್ತೆ. ಮುಖಕ್ಕೆ ಗಾಳಿ ಹೊಡೆದರೂ ಅಲ್ಲೇ ಕೂರಿ.


ಬಾಂದಾರ_ಹಾವೇರಿ

ಜಾಗ ಮತ್ತು ಸುರಕ್ಷತೆ ಬಗ್ಗೆ ಯಾರೂ ಬರೆದಿಲ್ಲ, ಹುಡುಗನೂ ಬರ್ತಾನೆ ಅಂದಿದ್ದೀರಿ, ಹಾಗಾಗಿ ವಿವರವಾಗಿ ಬರೀತೀನಿ.

ಕೃಷಿ ಹೊಂಡದಿಂದಲೇ ಶುರು ಮಾಡ್ತೀನಿ, ಏಕೆಂದರೆ ಎಲ್ಲರೂ ಅದನ್ನ ಸುರಕ್ಷಿತ ಅಂದುಕೊಳ್ತಾರೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಒದ್ದೆಯಾಗಿ ಪಾಚಿ ಹಿಡಿದರೆ ಅದರ ಮೇಲೆ ಕಾಲು ನಿಲ್ಲಲ್ಲ. ಒಳಗೆ ಜಾರಿದ ದೊಡ್ಡವರಿಗೂ, ಈಜು ಬಂದರೂ, ಹತ್ತಿ ಬರೋಕೆ ಹಿಡಿತವೇ ಸಿಗಲ್ಲ. ಒಬ್ಬರನ್ನ ಎತ್ತೋಕೆ ಹೋಗಿ ಇನ್ನೊಬ್ಬರೂ ಜಾರೋದು ಹೀಗೇ. ಗಾಳ ಬಿಚ್ಚುವ ಮೊದಲು ಮಾಡಬೇಕಾದ ಕೆಲಸ: ಮೇಲೆ ಗಟ್ಟಿ ಗೂಟಕ್ಕೋ ಮರಕ್ಕೋ ದಪ್ಪ ಹಗ್ಗ ಕಟ್ಟಿ, ಎರಡು ಅಡಿಗೊಂದು ಗಂಟು ಹಾಕಿ, ತುದಿ ನೀರಿನವರೆಗೆ ಬಿಡಿ. ಗಾಳಿ ತುಂಬಿದ ಟ್ಯೂಬು ಒಂದು ಪಕ್ಕದಲ್ಲಿರಲಿ. ಹುಡುಗನಿಗೆ ಲೈಫ್ ಜಾಕೆಟ್ ಹಾಕಿಸಿ, ಇಳಿಜಾರಿನ ಮೇಲಲ್ಲ, ದಿಬ್ಬದ ಮೇಲಿನ ಸಮತಟ್ಟಿನಲ್ಲಿ ಕೂರಿಸಿ. ಇನ್ನೊಂದು, ಗಾಳ ಹಾಳೆಗೆ ಸಿಕ್ಕಿ ಜಗ್ಗಿದರೆ ಹಾಳೆ ತೂತಾಗಿ ರೈತನ ನೀರು ಸೋರುತ್ತೆ. ಹಾಳೆ ಹಾಸಿದ ಹೊಂಡದಲ್ಲಿ ಎರೆಯನ್ನು ತಳಕ್ಕೆ ತಾಗಿಸಬೇಡಿ, ಒಂದು ಗೇಣು ಮೇಲೆ ನಿಲ್ಲಿಸಿ. ಆಳ ಅಳೆಯುವಾಗಲೂ ಗಾಳದ ಮೊನೆಯನ್ನು ಸೀಸದೊಳಗೆ ಮುಚ್ಚಿಡಿ.

ಉಣಕಲ್, ಕೆಲಗೇರಿ ಬೇಡ. ಊರಿನ ಕೊಳಚೆ ಸೇರುವ ಕೆರೆಯ ಮೀನು ತಿನ್ನೋಕೆ ಒಳ್ಳೇದಲ್ಲ, ಅಂತರಗಂಗೆ ಬೆಳೆದಾಗ ಗಾಳ ಹಾಕೋಕೂ ಆಗಲ್ಲ, ಜನ ಓಡಾಡುವ ದಂಡೆಯಲ್ಲಿ ಕೋಲು ಬೀಸೋದು ಅಪಾಯ. ನೀರಸಾಗರ ಕುಡಿಯುವ ನೀರಿನ ಜಲಾಶಯ, ಅದನ್ನೂ ಬಿಡಿ. ಶಿರಹಟ್ಟಿ ಕಡೆಯ ಮಾಗಡಿ ಕೆರೆ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬರುವ ಸಂರಕ್ಷಿತ ಜಾಗ, 2024ರಲ್ಲಿ ರಾಮ್ಸರ್ ಪಟ್ಟಿಗೂ (ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿದೆ. ಅಲ್ಲಿ ಗಾಳದ ಮಾತೇ ಎತ್ತಬಾರದು. ದಾಂಡೇಲಿ ಕಡೆ ಹೋಗೋಣ ಅಂತ ಗೆಳೆಯರು ಕರೀತಾರೆ, ಹುಲಿ ಸಂರಕ್ಷಿತ ಪ್ರದೇಶದೊಳಗೆ ಗಾಳ ಹಾಕಿದರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಉಳಿದ ಕೆರೆಗಳಲ್ಲಿ ಹೆಚ್ಚಿನವನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಮರಿ ತಂದು ಬಿಟ್ಟು ಕಾಯುತ್ತಿರುವವರು ಅವರು. ಯಾರೂ ಕಾಣಲಿಲ್ಲ ಅಂತ ಗಾಳ ಹಾಕಿದರೆ ಅದು ಕಳವು. ಪಂಚಾಯಿತಿಯಲ್ಲಿ ಕೇಳಿದರೆ ಗುತ್ತಿಗೆ ಯಾರದು ಅಂತ ತಿಳಿಯುತ್ತೆ, ಅವರನ್ನ ಕಂಡು ಮಾತಾಡಿ. ದಿನಕ್ಕಿಷ್ಟು ಅಂತ ತಗೊಂಡು ಬಿಡುವವರೂ ಇದ್ದಾರೆ. ನದಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಪರವಾನಗಿ ಮತ್ತು ನಿಷೇಧದ ತಿಂಗಳು ವಿಚಾರಿಸಿಕೊಂಡೇ ಹೋಗಿ. ಕಟ್ಲಾ, ರೋಹು, ಮೃಗಾಲ್ ಮೊಟ್ಟೆ ಇಡೋದು ಮುಂಗಾರಿನಲ್ಲಿ, ಹೊಸ ನೀರು ಹರಿಯುವಾಗ. ಆಗ ಹೊಟ್ಟೆ ಉಬ್ಬಿದ ಮೀನು ಸಿಕ್ಕರೆ ಬಿಟ್ಟುಬಿಡಿ.

ವರದಾ ನದಿ ಬೇಸಿಗೆಯಲ್ಲಿ ಬತ್ತಿ ಮಡುಗಳಾಗಿ ನಿಲ್ಲುತ್ತೆ. ನದಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ: ನೀರು ತಿಳಿಯಾಗಿರುತ್ತೆ, ಹರಿವು ಹದವಾಗಿರುತ್ತೆ. ಆದರೆ ಮರಳು ತೆಗೆದ ಗುಂಡಿಗಳಿರುತ್ತವೆ, ಮೊಣಕಾಲು ನೀರಿನಲ್ಲಿ ನಿಂತವರು ಮುಂದಿನ ಹೆಜ್ಜೆಗೆ ಎರಡು ಆಳು ಆಳಕ್ಕೆ ಹೋಗ್ತಾರೆ. ದಂಡೆ ಬಿಟ್ಟು ನೀರಿಗೆ ಇಳೀಬೇಡಿ, ಗಾಳ ಸಿಕ್ಕಿಕೊಂಡರೆ ದಾರ ಕತ್ತರಿಸಿ. ಬಾಂದಾರದ (ಹಲಗೆ ಹಾಕಿ ನೀರು ತಡೆಯುವ ಒಡ್ಡು) ಕೆಳಗೆ ನೀರು ಸುಳಿ ಹೊಡೆಯುವ ಕಡೆ ಮೀನು ಇರೋದು ನಿಜ, ಹಲಗೆ ತೆಗೆದಾಗ ಏರುವ ನೀರಿಗೆ ಓಡೋಕೆ ಸಮಯ ಸಿಗಲ್ಲ ಅನ್ನೋದೂ ನಿಜ. ಗಳಗನಾಥದಲ್ಲಿ ವರದಾ ಸೇರಿದ ಮೇಲೆ ತುಂಗಭದ್ರೆ ಬಹಳ ಅಗಲ. ಆ ಹೊಳೆಯಲ್ಲಿ ಮೊಸಳೆಗಳಿವೆ. ಮಗನ ಜೊತೆ ಅಲ್ಲಿಗೆ ಸದ್ಯಕ್ಕೆ ಬೇಡ. ಮುಂಡರಗಿ ಕಡೆ ಹಮ್ಮಿಗಿ ಬ್ಯಾರೇಜಿನ ಕೆಳಗಂತೂ ಗೇಟು ಎತ್ತುವ ಮುನ್ಸೂಚನೆ ಇಲ್ಲದೆ ಇಳಿಯಲೇಬಾರದು.

ಎರಿ ಮಣ್ಣಿನ ದಂಡೆ ಮಳೆ ಬಿದ್ದ ಮೇಲೆ ಚಪ್ಪಲಿಗೆ ಮೆತ್ತಿಕೊಂಡು ಜಾರುತ್ತೆ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಅಂಚು ಕಾಲಿಟ್ಟ ಕಡೆ ಹೋಳಾಗಿ ಕುಸಿಯುತ್ತೆ. ನೀರಿನಂಚಿನಿಂದ ಮೂರು ಅಡಿ ಹಿಂದೆ ಕೂರಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ದಂಡೆ ಬಿಡಿ. ಹೊಲಗಳ ಮೇಲೆ ವಿದ್ಯುತ್ ತಂತಿ ಜೋತಿರುತ್ತೆ, 14 ಅಡಿ ಕೋಲನ್ನು ಬಿಚ್ಚುವ ಮೊದಲು ತಲೆ ಎತ್ತಿ ನೋಡಿ. ಕಾರ್ಬನ್ ಕೋಲಾದರೆ ನೇರ ವಿದ್ಯುತ್ ಹರಿಸುತ್ತೆ, ಒದ್ದೆ ಬಿದಿರೂ ಅಷ್ಟೇ.


ಹೊಸಗಾಳ_ಧಾರವಾಡ

ಹಗ್ಗದ ವಿಷಯ ಹೊಳೆದೇ ಇರಲಿಲ್ಲ, ಮುಂದಿನ ಸಲ ಮೊದಲು ಅದೇ. 10 ನಂಬರ್ ಗಾಳಕ್ಕೆ ಜಿಲೇಬಿ ಬಿತ್ತು, ಮಗ ತಾನೇ ಎತ್ತಿದ! ಗಾಳ ಬಿಡಿಸುವಾಗ ಮೀನಿನ ಮುಳ್ಳು ಕೈಗೆ ಚುಚ್ಚಿತು. ಹಿಡಿಯೋದು ಹೇಗೆ? ಮತ್ತೆ ಮೀಸೆ ಇರುವ ಕಪ್ಪು ಮೀನು ಬಂದರೆ ಮುಟ್ಟಬೇಡಿ ಅಂತ ಹೊಲದಲ್ಲಿ ಹೇಳಿದರು.


ಎರಿಹೊಲ_ಗದಗ

ಭಾಳ ಖುಷಿ ಆತ್ರಿ. ಜಿಲೇಬಿ ಬೆನ್ನಿನ ಮುಳ್ಳು ಮುಂದಿನಿಂದ ಹಿಂದಕ್ಕ ಮಡಚತದ. ಅದಕ್ಕ ಅಂಗೈ ಒದ್ದಿ ಮಾಡ್ಕೊಂಡು ತಲಿ ಕಡಿಂದ ಬಾಲದ ಕಡೆ ಸವರ್ಕೋತ ಮುಳ್ಳು ಮಲಗಿಸಿ ಹಿಡೀರಿ. ಬಾಲದ ಕಡಿಂದ ಹಿಡಿದ್ರ ಚುಚ್ಚೂದ. ಒಣ ಕೈಲೆ ಹಿಡಿದ್ರ ಮೀನಿನ ಮೈ ಮ್ಯಾಲಿನ ಲೋಳಿ ಹೋಗ್ತದ, ಬಿಟ್ಟ ಮ್ಯಾಲ ಹುಣ್ಣಾಗಿ ಸಾಯ್ತದ. ಬಿಡೂದಿದ್ರ ಬಿಸಿಲಿಗೆ ಕಾದ ಮಣ್ಣಿನ ಮ್ಯಾಲ ಹಾಕಬ್ಯಾಡ್ರಿ. ಗಾಳ ಒಳಗ ನುಂಗಿದ್ರ ಕಿತ್ತಬ್ಯಾಡ್ರಿ, ದಾರ ಬಾಯಿ ಹತ್ರ ಕತ್ತರಿಸ್ರಿ. ಗಾಳದ ಮೊನಿ ಹಿಂದಿನ ಒಳಮುಳ್ಳನ್ನ ಇಕ್ಕಳದಾಗ ಮೊದಲ ಒತ್ತಿಬಿಟ್ರ ಬಿಡಿಸೂದು ಭಾಳ ಸಸಾರ.

ಕಪ್ಪು ಮೀನ ಅಂದ್ರ ಚೇಳುಮೀನ. ಎರಡೂ ಪಕ್ಕದ ಈಜುರೆಕ್ಕಿ ಬುಡದಾಗ ವಿಷದ ಮುಳ್ಳದ. ಕೈಲೆ ಮುಟ್ಟಬ್ಯಾಡ್ರಿ, ದಪ್ಪ ಅರಿವಿ ಹಾಕಿ ತಲಿ ಒತ್ತಿ ಹಿಡಿದು ಇಕ್ಕಳಲೆ ಬಿಡಿಸ್ರಿ, ಹುಡುಗನ ಕೈಗೆ ಕೊಡಲೇಬ್ಯಾಡ್ರಿ. ಗಿರ್ಲು ಮೀನಿಗೂ ಬೆನ್ನಿನಾಗ, ಪಕ್ಕದಾಗ ಮುಳ್ಳು ಅದಾವ.


ಬಾಂದಾರ_ಹಾವೇರಿ

ಚೇಳುಮೀನು ಚುಚ್ಚಿದರೆ ತಣ್ಣೀರು, ಮಂಜುಗಡ್ಡೆ ಬೇಡ. ಗಾಯ ತೊಳೆದು, ಮುಳ್ಳು ಕಾಣುತ್ತಿದ್ದರೆ ತೆಗೆದು, ಸಹಿಸಬಹುದಾದಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ತಾಸಿನಿಂದ ಒಂದೂವರೆ ತಾಸು ಅದ್ದಿ ಇಡಿ. ಬಿಸಿಯನ್ನು ಚುಚ್ಚದ ಕೈಯಿಂದ ಮೊದಲು ನೋಡಿ, ಉರಿಯುವ ಕೈಗೆ ಬಿಸಿಯ ಅಂದಾಜು ಸಿಗದೆ ಸುಟ್ಟುಕೊಳ್ಳುವವರಿದ್ದಾರೆ. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವ ರೂಢಿ ಮಾಡಿಕೊಳ್ಳಿ. ಉಸಿರು ಕಟ್ಟಿದರೆ, ಊತ ಮೇಲೇರಿದರೆ ತಡ ಮಾಡದೆ ಆಸ್ಪತ್ರೆಗೆ.

ಗಾಳವೇ ಬೆರಳಿಗೆ ಹೊಕ್ಕು ಒಳಮುಳ್ಳು ಚರ್ಮದೊಳಗಿದ್ದರೆ ಹಿಂದಕ್ಕೆ ಜಗ್ಗಬೇಡಿ, ದಾರ ಕತ್ತರಿಸಿ, ಗಾಳ ಅಲುಗಾಡದಂತೆ ಬಟ್ಟೆ ಸುತ್ತಿ ವೈದ್ಯರ ಹತ್ತಿರ ತೆಗೆಸಿ. ಕಣ್ಣಿನ ಹತ್ತಿರ ಆದರೆ ಮುಟ್ಟಲೂ ಬೇಡಿ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿದೆ ಅಂತ ಇಬ್ಬರದ್ದೂ ಈಗಲೇ ನೋಡಿಕೊಳ್ಳಿ. ಮಗನಿಗೂ ನಿಮಗೂ ಅಗಲ ಅಂಚಿನ ಟೋಪಿ, ಕನ್ನಡಕ ಇರಲಿ. ಕತ್ತರಿಸಿದ ತಂಗೂಸ್ ಚೂರುಗಳನ್ನೆಲ್ಲ ಡಬ್ಬಿಗೆ ಹಾಕಿ ಮನೆಗೆ ತನ್ನಿ, ದಂಡೆಯಲ್ಲಿ ಬಿಟ್ಟರೆ ಬೆಳ್ಳಕ್ಕಿ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುತ್ತೆ.